ಎಡಗಡೆಯ ಹಿಂದಿನ ಚಕ್ರ

ಹೋದ ತಿಂಗಳು ನಮ್ಮ ಜಿಲ್ಲೆಯ ಬನಶಂಕರಿಯಲ್ಲಿ ಪರಿಚಯದವರೊಬ್ಬರ ಮಗನ ಮದುವೆ ಇತ್ತು. ಹುನಗುಂದದಿಂದ ನಾವು ನಾಲ್ವರು ಮಾಸ್ತರರು ಒಂದೇ ಕಾರಿನಲ್ಲಿ ಹೊರಟಿದ್ದೆವು. ಕಾರು ನಮ್ಮ ಶಾಲೆಯ ಗಣಿತದ ಮಾಸ್ತರರದು. ಐಹೊಳೆ ದಾಟಿ ರಸ್ತೆ ಸ್ವಲ್ಪ ಸಮನಾದ ಮೇಲೆ ಅವರು ವೇಗ ಹೆಚ್ಚಿಸಿದರು. ಆಗ ಆ ಸದ್ದು ಬಂತು. ದೂರದಲ್ಲಿ ಯಾರೋ ಹಿಟ್ಟಿನ ಗಿರಣಿ ಶುರು ಮಾಡಿದ ಹಾಗೆ, ಊಂ ಎಂದು ಒಂದೇ ಎಳೆಯಾಗಿ. ಉಳಿದವರು ಮದುವೆಯ ಊಟದಲ್ಲಿ ಹೂರಣದ ಹೋಳಿಗೆಯೋ ಶೇಂಗಾ ಹೋಳಿಗೆಯೋ ಎಂಬ ಚರ್ಚೆಯಲ್ಲಿದ್ದರು. ನಾನು ಚಪ್ಪಲಿ ಕಳಚಿ, ಎರಡೂ ಅಂಗಾಲುಗಳನ್ನು ಕಾರಿನ ನೆಲಕ್ಕೆ ಒತ್ತಿ, ಕಣ್ಣು ಮುಚ್ಚಿ ಕುಳಿತೆ. ಪಕ್ಕದವರು ಕಾಲು ಹಿಡಿದವೇನು ಎಂದು ಕೇಳಿದರು. ಇಲ್ಲ, ಯಾವ ಚಕ್ರ ಅಂತ ನೋಡುತ್ತಿದ್ದೇನೆ ಎಂದೆ. ಅವರು ನಕ್ಕು ಮತ್ತೆ ಹೋಳಿಗೆಯ ಕಡೆ ತಿರುಗಿದರು.

ನಗಲಿ ಬಿಡಿ. ಚಕ್ರದ ಬೇರಿಂಗನ್ನು ಮೈಯಿಂದ ನೋಡುವ ಈ ವಿದ್ಯೆಯನ್ನು ನನಗೆ ಕಲಿಸಿದವರು ನಮ್ಮ ಅತ್ತೆ ಸಂಗವ್ವ, ಅಂದರೆ ನನ್ನ ಹೆಂಡತಿ ವಿಜಿಯ ತಾಯಿ. ಕಲಿಸುವ ಮೊದಲು ಒಂಬತ್ತು ವರ್ಷ ಅವರು ನನ್ನ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ.

ಜಗಳವೇನೂ ಅಲ್ಲ, ಅದು ಅವರ ಮನೆತನದ ಮರ್ಯಾದೆ. ಅಳಿಯನ ಎದುರು ಅತ್ತೆ ಸೆರಗು ಹೊದ್ದುಕೊಂಡೇ ಇರಬೇಕು, ಒಂದೇ ಹೊರಸಿನ ಮೇಲೆ ಕೂಡಬಾರದು, ಮಾತು ಏನಿದ್ದರೂ ಮಗಳ ಮೂಲಕ ಹೋಗಬೇಕು. ಈಗಿನವರಲ್ಲಿ ಇದೆಲ್ಲ ಸಡಿಲಾಗಿದೆ. ನಮ್ಮ ಅತ್ತೆ ಮಾತ್ರ ಸಡಿಲು ಮಾಡುವವರಲ್ಲ. ಇಳಕಲ್ಲಿನಲ್ಲಿ ಗಂಡನ ಜೊತೆ ಎಂಟು ಪವರ್‌ಲೂಮ್ ಮಗ್ಗಗಳನ್ನು ಮೂವತ್ತು ವರ್ಷ ನಡೆಸಿದ ಹೆಂಗಸು ಅವರು. ಎಂಟು ಮಗ್ಗಗಳ ನಡುವೆ ಹಗಲೆಲ್ಲ ನಿಂತವರ ಕಿವಿ ಏನಾಗುತ್ತದೆ ಎಂಬುದು ಆ ಊರಿನವರಿಗೆ ಗೊತ್ತು. ಐವತ್ತು ದಾಟುವ ಹೊತ್ತಿಗೆ ಅವರಿಗೆ ಮೆಲ್ಲಗಿನ ಮಾತು ಕೇಳಿಸುತ್ತಿರಲಿಲ್ಲ. ಮಾವ ತೀರಿಕೊಂಡ ಮೇಲೆ ಮಗ್ಗಗಳನ್ನು ಮಾರಿದರು. ಮೊಮ್ಮಗಳಿಗೆ ಎರಡು ವರ್ಷವಾದಾಗ ಬಟ್ಟೆಯ ಗಂಟು ಕಟ್ಟಿಕೊಂಡು ನಮ್ಮ ಮನೆಗೆ ಬಂದು ಉಳಿದರು. ನಾವು ಕರೆದಿರಲಿಲ್ಲ. ಕರೆಯಬೇಕೆಂದು ನಮಗೆ ತೋಚುವ ಮೊದಲೇ ಅವರು ಬಂದಿದ್ದರು.

ಯಾಕೆಂದರೆ ಅದೇ ತಿಂಗಳು ಬಾಗಲಕೋಟೆಯ ಡಾಕ್ಟರು ನಮ್ಮ ಮಗಳ ಎರಡೂ ಕಿವಿಗಳು ಹುಟ್ಟಿನಿಂದಲೇ ಮಂದ ಎಂದು ಹೇಳಿದ್ದರು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಬಿಡುವಿನಲ್ಲಿ ಹಾರ್ಮೋನಿಯಂ ಬಾರಿಸುತ್ತೇನೆ. ಭಜನೆಯಲ್ಲಿ ಯಾರ ದನಿ ಎಲ್ಲಿ ಜಾರಿತು ಎಂದು ಬೆರಳು ತೋರಿಸಿ ಹೇಳುವ ಚಟ ನನಗೆ ಮೊದಲಿನಿಂದಲೂ ಇತ್ತು, ಅದರಿಂದ ಗೆಳೆಯರು ಕಡಿಮೆಯಾದರು. ನನ್ನ ಕಿವಿಯ ಬಗ್ಗೆ ನನಗೆ ಅಷ್ಟು ಜಂಬ. ಮಗಳು ಹುಟ್ಟಿದಾಗ ಬಹಳ ಯೋಚಿಸಿ ಪಲ್ಲವಿ ಎಂದು ಹೆಸರಿಟ್ಟಿದ್ದೆ. ಎರಡು ವರ್ಷ ಆ ಹೆಸರಿನಿಂದ ಕರೆದಾಗ ಅವಳು ತಿರುಗಿ ನೋಡದಿದ್ದರೂ ಈ ಜಂಬದ ಕಿವಿಗೆ ಏನೂ ತಿಳಿದಿರಲಿಲ್ಲ. ಮೊದಲು ಕಂಡುಹಿಡಿದವಳು ವಿಜಿ. ಅಡುಗೆಮನೆಯಲ್ಲಿ ಕೊಡಪಾನ ಬಿದ್ದರೂ ಕೂಸು ಬೆಚ್ಚಲಿಲ್ಲ ಎಂದು ಅವಳು ಹೇಳಿದ ದಿನ ನಾನು, ಕೂಸು ಧೈರ್ಯದ್ದು ಎಂದಿದ್ದೆ.

ಹೀಗೆ ನಮ್ಮ ಮನೆಯಲ್ಲಿ ಒಂದು ವಿಚಿತ್ರ ಅಂಚೆ ವ್ಯವಸ್ಥೆ ಬೆಳೆಯಿತು. ವಿಜಿ ಹತ್ತಿರ ಇಲ್ಲದಾಗ ಅತ್ತೆ ನನಗೆ ಹೇಳಬೇಕಾದದ್ದನ್ನು ಮೊಮ್ಮಗಳಿಗೆ ಹೇಳುತ್ತಿದ್ದರು. ಚಹಾ ಆಗೈತಿ ಅಂತ ಹೇಳವ್ವ, ಎನ್ನುತ್ತಿದ್ದರು. ಪಲ್ಲವಿಗೆ ಅದು ಕೇಳಿಸುತ್ತಿರಲಿಲ್ಲ, ಆದರೆ ನನಗೆ ಕೇಳಿಸುತ್ತಿತ್ತು. ನಾನೂ ಪಲ್ಲವಿಯ ಕಡೆ ಮುಖ ಮಾಡಿ, ಅತ್ತೆಗೆ ಮುಟ್ಟಲೆಂದು ಗಂಟಲು ಹರಿದು ಉತ್ತರ ಕೊಡುತ್ತಿದ್ದೆ. ನಡುವೆ ಕುಳಿತ ಕೂಸು ಒಮ್ಮೆ ಆಯಿಯ ಬಾಯಿ, ಒಮ್ಮೆ ಅಪ್ಪನ ಬಾಯಿ ನೋಡುತ್ತ ನಗುತ್ತಿತ್ತು. ಅಜ್ಜಿಯನ್ನು ನಮ್ಮ ಕಡೆ ಆಯಿ ಎನ್ನುತ್ತೇವೆ.

ಪಲ್ಲವಿಯ ಎರಡೂ ಕಿವಿಗೆ ಮಷೀನು ಬಂತು. ಮಷೀನು ಹಾಕಿದರೆ ಆಗಲಿಲ್ಲ, ಅದರಿಂದ ಬರುವ ಸದ್ದಿಗೆ ಅರ್ಥ ಕಲಿಸಬೇಕು. ಅದಕ್ಕೆ ಬಾಗಲಕೋಟೆಯಲ್ಲಿ ಮಾತು ಕಲಿಸುವ ಮೇಡಂ ಇದ್ದರು. ವಾರಕ್ಕೆ ಮೂರು ದಿನ ಪಾಠ. ಒಂದೂವರೆ ವರ್ಷ ಬಸ್ಸಿನಲ್ಲಿ ಓಡಾಡಿದೆವು, ಪ್ರತಿ ಸಲ ಪಲ್ಲವಿಗೆ ವಾಂತಿಯಾಗುತ್ತಿತ್ತು. ಆದ್ದರಿಂದ ಹಳೆಯದೊಂದು ಚಿಕ್ಕ ಕಾರು ಕೊಂಡೆ. ಬಣ್ಣ ಬೂದಿ, ಬಾಗಿಲು ಎರಡು ಸಲ ಬಡಿದರೆ ಮುಚ್ಚುತ್ತಿತ್ತು. ಹುನಗುಂದದಿಂದ ಅಮೀನಗಡ, ಕಮತಗಿ, ಶಿರೂರು ದಾಟಿ ಬಾಗಲಕೋಟೆ. ನಾನು ಮುಂದೆ, ಅವರು ಮೂವರೂ ಹಿಂದೆ. ದಾರಿಯೂ ಪಾಠವೇ ಎಂದು ಮೇಡಂ ಹೇಳಿದ್ದರು. ಕಂಡದ್ದನ್ನೆಲ್ಲ ಹೆಸರಿಟ್ಟು ಹೇಳಿರಿ, ಎತ್ತು, ಬಸ್ಸು, ಗುಡ್ಡ, ಮಷೀನು ಕಿವಿಯಲ್ಲೇ ಇರಲಿ, ಎಚ್ಚರ ಇದ್ದಷ್ಟು ಹೊತ್ತು ಇರಲಿ, ಎಂದು ಪ್ರತಿ ಸಲ ಹೇಳುತ್ತಿದ್ದರು.

ಆದರೆ ಕಾರು ಹತ್ತಿದರೆ ಪಲ್ಲವಿ ಮಷೀನು ಕಿತ್ತು ತೆಗೆಯುತ್ತಿದ್ದಳು. ಮನೆಯಲ್ಲಿ ತೆಗೆಯುವುದಿಲ್ಲ, ಪಾಠದಲ್ಲಿ ತೆಗೆಯುವುದಿಲ್ಲ, ಕಾರಿನಲ್ಲಿ ಮಾತ್ರ. ವಿಜಿ ಮತ್ತೆ ಹಾಕುವಳು, ಅವಳು ಮತ್ತೆ ತೆಗೆಯುವಳು. ಅತ್ತು ಕೂಗಿ ಬೆವರಿ ಬಾಗಲಕೋಟೆ ಮುಟ್ಟುವ ಹೊತ್ತಿಗೆ ಅವಳಲ್ಲಿ ಕಲಿಯುವ ಶಕ್ತಿ ಉಳಿದಿರುತ್ತಿರಲಿಲ್ಲ. ಆರೇಳು ತಿಂಗಳು ಹೀಗೆ ನಡೆದ ಮೇಲೆ ಮೇಡಂ ನಮ್ಮನ್ನು ಕೂಡಿಸಿ ಹೇಳಿದರು. ನಾಲ್ಕೂವರೆ ವರ್ಷವಾಯಿತು, ವೇಳೆ ಹೋಗುತ್ತಿದೆ. ಈ ದಾರಿ ಮಗುವನ್ನು ದಣಿಸುತ್ತಿದೆ. ದೂರದ ಊರಿನಲ್ಲಿ ಒಂದು ವಸತಿ ಶಾಲೆ ಇದೆ, ಚೆನ್ನಾಗಿ ನೋಡಿಕೊಳ್ಳುತ್ತಾರೆ. ದಸರೆ ರಜೆ ಮುಗಿದ ಮೇಲೆ ಅಲ್ಲಿ ಸೇರಿಸುವ ಯೋಚನೆ ಮಾಡಿ, ಎಂದರು. ಅವರು ಕೆಟ್ಟದ್ದೇನೂ ಹೇಳಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಆ ದಿನ ಮರಳುವಾಗ ಕಾರಿನಲ್ಲಿ ಯಾರೂ ಎತ್ತು ಎನ್ನಲಿಲ್ಲ, ಬಸ್ಸು ಎನ್ನಲಿಲ್ಲ. ಅಮೀನಗಡದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅತ್ತೆ ಮಗಳಿಗೆ ಹೇಳಿದರು.

“ವಿಜಿ, ಕೂಸು ಹಟ ಮಾಡಾಕತ್ತಿಲ್ಲ. ನಾ ಇವತ್ತ ಪೂರಾ ನೋಡೇನಿ. ಗಾಡಿ ಜೋರ ಆದ ಕೂಡ್ಲೆ ತಗೀತೈತಿ. ಊರು ಬಂದು ಸಾವಕಾಶ ಆದ್ರ ಸುಮ್ನ ಇರತೈತಿ. ಗಾಡಿ ಜೋರ ಆದಾಗ ಸೀಟು ನಡಗತೈತಿ. ಅದರಾಗ ಏನೋ ಐತಿ ಅಂತ ಅಳಿಯಂದಿರಿಗೆ ಹೇಳು.”

ಅಳಿಯಂದಿರು ಎರಡು ಮಾರು ದೂರದಲ್ಲಿ ಚಹಾ ಕುಡಿಯುತ್ತ ನಿಂತು ಎಲ್ಲವನ್ನೂ ಕೇಳುತ್ತಿದ್ದರು.

ಒಂದು ಸಣ್ಣ ಊಂಕಾರ ಇದೆ ಎಂಬುದು ನನಗೆ ಗೊತ್ತೇ ಇತ್ತು. ಹಳೆಯ ಕಾರು, ಟೈರಿನ ಸದ್ದು ಎಂದುಕೊಂಡಿದ್ದೆ. ದಿನವೂ ಕೇಳಿ ಕೇಳಿ ಅದು ನನಗೆ ಸದ್ದೇ ಅಲ್ಲವಾಗಿತ್ತು. ಆದರೆ ಮಷೀನು ಒಳ್ಳೆಯ ಸದ್ದು ಕೆಟ್ಟ ಸದ್ದು ಎಂದು ಆರಿಸುವುದಿಲ್ಲ, ಎಲ್ಲವನ್ನೂ ದೊಡ್ಡದು ಮಾಡಿ ಕಿವಿಗೆ ಸುರಿಯುತ್ತದೆ. ನಮಗೆ ಸೊಳ್ಳೆಯ ಹಾಗೆ ಕೇಳುವುದು ಅವಳಿಗೆ ಗಿರಣಿಯ ಹಾಗೆ ಕೇಳುತ್ತಿತ್ತು. ಮಾತು ಬಾರದ ಕೂಸು ಅದನ್ನು ಹೇಗೆ ಹೇಳಬೇಕು? ಕಿತ್ತು ತೆಗೆಯುತ್ತಿತ್ತು. ನಾವು ಹಟ ಎಂದು ಬೈದಿದ್ದೆವು. ನಾನು ಒಮ್ಮೆ ಕೈ ಮೇಲೆ ಹೊಡೆದೂ ಇದ್ದೆ.

ಮರುದಿನ ಬೆಳಿಗ್ಗೆ ಒಬ್ಬನೇ ಕಾರು ತೆಗೆದುಕೊಂಡು ಇಳಕಲ್ ರಸ್ತೆಗೆ ಹೋದೆ. ವೇಗ ಏರಿದರೆ ಸದ್ದು ಏರುತ್ತಿತ್ತು. ಗೇರು ಬಿಟ್ಟು ಉರುಳಲು ಬಿಟ್ಟರೂ ಸದ್ದು ಹಾಗೇ ಇತ್ತು, ಅಂದರೆ ಎಂಜಿನ್ನಿನದಲ್ಲ. ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಿ ನೋಡಿದೆ, ಬದಲಾಗಲಿಲ್ಲ. ಉಳಿದದ್ದು ಚಕ್ರದ ಬೇರಿಂಗು. ಇಲ್ಲಿಯವರೆಗೆ ನನ್ನ ಬುದ್ಧಿ ಸರಿಯಾಗಿಯೇ ಓಡಿತ್ತು. ಯಾವ ಚಕ್ರ ಎಂಬಲ್ಲಿಗೆ ಬಂದಾಗ ಬುದ್ಧಿಯನ್ನು ಬದಿಗಿಟ್ಟು ಕಿವಿಯನ್ನು ನಂಬಿದೆ. ಬಲಗಡೆಯ ಮುಂದಿನದು, ಸಂಶಯವೇ ಇಲ್ಲ, ನನ್ನ ಕಾಲ ಬುಡದಲ್ಲೇ ಕೇಳುತ್ತಿದೆ ಎಂದು ತೀರ್ಮಾನಿಸಿದೆ.

ನಮ್ಮ ಓಣಿಯ ತುದಿಯಲ್ಲಿ ಗ್ಯಾರೇಜು ಇಟ್ಟಿದ್ದ ಹುಸೇನಸಾಬ ಒಳ್ಳೆಯ ಕೆಲಸಗಾರ. ನಾಲ್ಕೂ ಚಕ್ರ ಎತ್ತಿ ತಿರುಗಿಸಿ ನೋಡೋಣ ಎಂದು ಅವನು ಎರಡು ಸಲ ಹೇಳಿದ. ನಾನು, ಹಾರ್ಮೋನಿಯಂನ ಒಂದು ಸ್ವರ ಕೂದಲೆಳೆಯಷ್ಟು ಇಳಿದರೂ ನನಗೆ ತಿಳಿಯುತ್ತದೆ, ನನಗೆ ಚಕ್ರ ಯಾವುದೆಂದು ತಿಳಿಯುವುದಿಲ್ಲವೇ ಎಂದೆ. ಅವನು ಮಾಸ್ತರರ ಮಾತು ಮೀರಲಾರದೆ ಬಲಗಡೆಯ ಮುಂದಿನ ಚಕ್ರದ ಬೇರಿಂಗನ್ನು ಬದಲಿಸಿಕೊಟ್ಟ. ತೆಗೆದ ಬೇರಿಂಗನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸಿದ. ಅದು ಹೂವಿನ ಹಾಗೆ ಸದ್ದಿಲ್ಲದೆ ತಿರುಗಿತು. ಕಾರು ರಸ್ತೆಗೆ ಇಳಿದರೆ ಊಂಕಾರ ಮೊದಲಿನಂತೆಯೇ ಇತ್ತು. ಮಾರನೆಯ ದಿನ ಹುಸೇನಸಾಬ ಮನೆಮಂದಿಯೊಂದಿಗೆ ತಂಗಿಯ ಮದುವೆಗೆಂದು ವಿಜಯಪುರಕ್ಕೆ ಹೋದ. ಹತ್ತು ದಿನ ಗ್ಯಾರೇಜಿಗೆ ಬೀಗ.

ದಸರೆ ರಜೆ ಶುರುವಾಗಿತ್ತು. ಪಾಠಕ್ಕೆ ರಜೆ ಇರಲಿಲ್ಲ. ಆ ಸದ್ದಿನ ಕಾರು ಬೇಡವೆಂದು ವಿಜಿ ಬೆಳಿಗ್ಗೆಯೇ ಪಲ್ಲವಿಯನ್ನು ಕರೆದುಕೊಂಡು ಬಸ್ಸಿಗೆ ಹೋದಳು, ಚೀಲದಲ್ಲಿ ಒಂದು ಟವೆಲು, ಎರಡು ಜೊತೆ ಬಟ್ಟೆ, ನಿಂಬೆಹಣ್ಣು. ನಾನು ಪಡಸಾಲೆಯ ಹೊರಸಿನ ಮೇಲೆ ಬಿದ್ದುಕೊಂಡು, ವಸತಿ ಶಾಲೆಗೆ ಯಾವ ಯಾವ ಕಾಗದ ಬೇಕು ಎಂದು ಯೋಚಿಸುತ್ತಿದ್ದೆ. ಖರೆ ಹೇಳಬೇಕೆಂದರೆ, ಆ ಯೋಚನೆಯಲ್ಲಿ ಸ್ವಲ್ಪ ನಿರಾಳವೂ ಇತ್ತು. ಕೈಚೆಲ್ಲಿದ ಮೇಲೆ ಮನುಷ್ಯನಿಗೆ ಒಂದು ಬಗೆಯ ವಿಶ್ರಾಂತಿ ಸಿಗುತ್ತದೆ.

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಸೆರಗು ಹಣೆಯವರೆಗೆ ಇತ್ತು. ಅಭ್ಯಾಸದಂತೆ ಮೊಮ್ಮಗಳನ್ನು ಹುಡುಕುವ ಹಾಗೆ ಅತ್ತಿತ್ತ ನೋಡಿದರು. ಮನೆಯಲ್ಲಿ ಅಂಚೆಯವರು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಗೋಡೆ ನೋಡಿದರು. ಆಮೇಲೆ ನನ್ನನ್ನೇ ನೋಡಿ ಕೇಳಿದರು.

“ಜ್ಯಾಕ್ ಎಲ್ಲೈತ್ರಿ?”

ಒಂಬತ್ತು ವರ್ಷದ ನಂತರದ ಮೊದಲ ಮಾತು ಇದು. ಗಾಬರಿಯಾಗಿ ಎದ್ದು ಕುಳಿತು, ಹಿಂದಿನ ಡಿಕ್ಕಿಯಲ್ಲಿದೆ ಎಂದು ಮೆಲ್ಲಗೆ ಹೇಳಿದೆ. ಅವರಿಗೆ ಕೇಳಿಸಲಿಲ್ಲ. ಜೋರಾಗಿ ಹೇಳಿದೆ. ಇನ್ನೂ ಜೋರಾಗಿ ಹೇಳಿದಾಗ ಪಕ್ಕದ ಮನೆಯವರು ಹೊರಗೆ ಬಂದು ನಮ್ಮ ಅಂಗಳದ ಕಡೆ ನೋಡಿದರು, ಅತ್ತೆ ಅಳಿಯರ ನಡುವೆ ಏನೋ ಆಯಿತೆಂದು.

ಮೊದಲು ಅವರು ನನ್ನಿಂದ ಮುಂದಿನ ಎರಡು ಚಕ್ರಗಳಿಗೆ ದೊಡ್ಡ ಕಲ್ಲು ಒತ್ತು ಕೊಡಿಸಿದರು. ಜ್ಯಾಕು ಏರಿಸುವ ಮೊದಲೇ ಚಕ್ರದ ನಟ್ಟುಗಳನ್ನು ಸಡಿಲು ಮಾಡಿಸಿದರು. ಎತ್ತಿದ ಮೇಲೆ ಜ್ಯಾಕಿನ ಮೇಲೆ ಭರವಸೆ ಇಡದೆ, ನಮ್ಮ ಹಿತ್ತಲಲ್ಲಿ ಬಿದ್ದಿದ್ದ ಬೇವಿನ ತೊಲೆಯ ತುಂಡನ್ನು ಕಾರಿನ ಕೆಳಗೆ ಕೊಡಿಸಿದರು. ನನಗೆ ಚಕ್ರ ತಿರುಗಿಸಲು ಹೇಳಿ, ತಾವು ಚಕ್ರದ ಹಿಂದಿನ ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟು ಕುಳಿತರು. ಹಿಂದಿನ ಬಲಗಡೆಯದಾಯಿತು. ತಲೆ ಅಲ್ಲಾಡಿಸಿದರು. ಎಡಗಡೆಯದಕ್ಕೆ ಬಂದೆವು. ಅಲ್ಲಿ ಅವರ ಕೈ ಬಹಳ ಹೊತ್ತು ಉಳಿಯಿತು. ಆಮೇಲೆ ಕೈ ತೆಗೆದು ಜಾಗ ತೋರಿಸಿದರು.

“ಇಲ್ಲಿ ಕೈ ಇಡ್ರಿ. ಕಿವಿ ಬಿಟ್ಟುಬಿಡ್ರಿ.”

ನಾನು ಒಂದು ಕೈ ಸ್ಪ್ರಿಂಗಿನ ಮೇಲಿಟ್ಟು ಇನ್ನೊಂದರಿಂದ ಚಕ್ರ ತಿರುಗಿಸಿದೆ. ಬೀಸುಕಲ್ಲಿನಲ್ಲಿ ಜೋಳ ಒಡೆಯುವಾಗ ಗೂಟ ಹಿಡಿದ ಕೈಗೆ ಬರುತ್ತದಲ್ಲ, ಆ ಗರಗರ ಅಂಗೈಗೆ ಬಂತು. ಕೈಗೆ ಬಂತು, ಕಿವಿಗೆ ಏನೂ ಇಲ್ಲ. ಬಲಗಡೆಯ ಚಕ್ರಕ್ಕೆ ಹೋಗಿ ಹಾಗೇ ಮಾಡಿ ನೋಡಿದೆ, ಅದು ಎಣ್ಣೆಯಲ್ಲಿ ತಿರುಗಿದಂತೆ ನುಣ್ಣಗಿತ್ತು. ಮತ್ತೆ ಎಡಗಡೆಗೆ ಬಂದೆ, ಮತ್ತೆ ಗರಗರ.

ಮಗ್ಗದಲ್ಲಿ ಹೀಗೇ ನೋಡುತ್ತಿದ್ದರಂತೆ. ಎಂಟು ಮಗ್ಗದ ಗದ್ದಲದಲ್ಲಿ ಯಾವ ಬೇರಿಂಗು ಸಾಯುತ್ತಿದೆ ಎಂಬುದನ್ನು ಕಿವಿ ಹೇಗೆ ಹೇಳೀತು? ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟು ಸಾಲಾಗಿ ನಡೆದು ಬರುವುದು, ಎಲ್ಲಿ ಕೈಗೆ ಕಚ್ಚಿದಂತಾಗುತ್ತದೋ ಅಲ್ಲಿ ನಿಲ್ಲುವುದು. ಕಾರಿನಲ್ಲಿಯೂ ಸೀಟಿನ ಎಡಬದಿಗೆ ಕುಳಿತಾಗ ಹೆಚ್ಚು ನಡುಕ, ರಸ್ತೆ ಬಲಕ್ಕೆ ಹೊರಳಿದಾಗ ಭಾರ ಎಡಕ್ಕೆ ಬಿದ್ದು ಇನ್ನೂ ಹೆಚ್ಚು. ಇದನ್ನೆಲ್ಲ ಅವರು ತಿಂಗಳುಗಟ್ಟಲೆ ಗಮನಿಸಿದ್ದರು. ಹಾಗಾದರೆ ನಾನು ಬಲಗಡೆಯ ಮುಂದಿನದು ಎಂದಾಗ ಯಾಕೆ ಹೇಳಲಿಲ್ಲ ಎಂದು ಕೂಗಿ ಕೇಳಿದೆ. ಅಳಿಯಂದಿರು ಖಾತ್ರಿ ಇದ್ದೀರಿ, ಎದುರಾಡುವುದು ಹೇಗೆ ಎಂದರು. ತಗಡಿನ ಮೈಯಲ್ಲಿ ಸದ್ದು ಎಲ್ಲಿಂದಲೋ ಹೊರಟು ಎಲ್ಲಿಯೋ ಕೇಳುತ್ತದೆ ಎಂಬುದು ನನಗೆ ತಿಳಿದದ್ದು ಅಂದು.

ಚಕ್ರ ಕಳಚಿದೆವು. ನಡುವಿನ ತಗಡಿನ ಟೊಪ್ಪಿಗೆ ತೆಗೆದು, ಪಿನ್ನು ನೆಟ್ಟಗೆ ಮಾಡಿ ಎಳೆದೆವು. ಒಳಗೆ ದೊಡ್ಡ ನಟ್ಟು. ಅದು ಅಲ್ಲಾಡಲಿಲ್ಲ. ನಟ್ಟು ಬಿಚ್ಚುವ ಪಾನಾ ಹಾಕಿ ನಾನು ಜೋತುಬಿದ್ದೆ. ನಟ್ಟು ಇದ್ದಲ್ಲೇ ಇತ್ತು, ನನ್ನ ಸೊಂಟ ಮಾತ್ರ ಚಟ್ ಎಂದಿತು. ಸೀಮೆಎಣ್ಣೆ ಹನಿಸಿ ಊಟ ಮಾಡಿ ಬಂದು ನೋಡಿದೆವು. ಆಗಲೂ ಅಲ್ಲಾಡಲಿಲ್ಲ. ಹುಸೇನಸಾಬ ಬರಲಿ ಬಿಡ್ರಿ ಎಂದೆ. ಅತ್ತೆ ಹಿತ್ತಲಿಗೆ ಹೋಗಿ ಹಳೆಯ ಬೋರಿನ ಪೈಪಿನ ಒಂದು ತುಂಡು ಹೊತ್ತು ತಂದರು, ಅವರ ಎತ್ತರಕ್ಕಿಂತ ಉದ್ದ. ಅದನ್ನು ಪಾನಾದ ಹಿಡಿಗೆ ತೊಡಿಸಿ, ಕಚ್ಚೆ ಬಿಗಿದು, ನನ್ನ ಪಕ್ಕದಲ್ಲೇ ನಿಂತು ಪೈಪು ಹಿಡಿದರು. ಇಬ್ಬರೂ ಕೂಡಿ ಭಾರ ಹಾಕಿದೆವು. ಅವರ ಸೆರಗು ತಲೆಯಿಂದ ಜಾರಿತು. ನಾನು ಮುಖ ಅತ್ತ ತಿರುಗಿಸಿದೆ. ಅವರು ಕೈ ಬಿಡಲಿಲ್ಲ, ಸೆರಗು ಸರಿಪಡಿಸಲೂ ಇಲ್ಲ. ನೆರೆತ ಕೂದಲು ಗಾಳಿಗೆ ಹಾರುತ್ತಿತ್ತು. ಇನ್ನೊಮ್ಮೆ ಹಾಕ್ರಿ, ಎಂದರು. ಇನ್ನೊಮ್ಮೆ ಹಾಕಿದೆವು. ಮೂರನೆಯ ಸಲಕ್ಕೆ ಒಣ ಕಟ್ಟಿಗೆ ಸೀಳಿದಂಥ ಸದ್ದಾಗಿ ನಟ್ಟು ಬಿಟ್ಟುಕೊಟ್ಟಿತು. ಆ ಸದ್ದು ಅವರಿಗೂ ಕೇಳಿಸಿತು.

ಚಕ್ರ ಕೂರುವ ಬ್ರೇಕಿನ ಡ್ರಮ್ಮು ಹೊರಗೆ ಬಂದ ಮೇಲೆ ಉಳಿದದ್ದು ಅವರಿಗೆ ಗೊತ್ತಿದ್ದ ಕೆಲಸ. ಅದರ ಹೊಟ್ಟೆಯಲ್ಲಿ ಎರಡು ಬೇರಿಂಗು, ಎರಡರ ನಡುವೆ ಒಂದು ಕೊಳವೆಯ ತುಂಡು. ಸುತ್ತಲೂ ಸ್ವಲ್ಪ ಸ್ವಲ್ಪವೇ ಬಡಿದು ಹೊರಗೆ ತೆಗೆದೆವು. ಒಳಗಿನ ಬೇರಿಂಗಿನ ಗ್ರೀಸು ಸುಟ್ಟ ಬೆಲ್ಲದ ಹಾಗೆ ಕಪ್ಪಗೆ ಗಟ್ಟಿಯಾಗಿತ್ತು. ಒರೆಸಿ ನೋಡಿದರೆ ಗುಂಡುಗಳ ಮೇಲೆ ಸಿಡುಬಿನ ಕಲೆಗಳಂತೆ ಗುಳಿಗಳು. ಹೋಗಿಬರುವ ಮೂರು ಮೂರು ಗಂಟೆ ನನ್ನ ಮಗಳ ಕಿವಿಯಲ್ಲಿ ಕೂಗುತ್ತಿದ್ದದ್ದು ಇದೇ ಎಂದು ಅದನ್ನು ಕೈಯಲ್ಲಿ ಹಿಡಿದು ಕುಳಿತೆ. ಅವಳ ಕೈ ಮೇಲೆ ಹೊಡೆದದ್ದು ನೆನಪಾಯಿತು. ಕೂತರೆ ಕೆಲಸ ಆಗೂದಿಲ್ರಿ, ಅಂಗಡಿಗೆ ಹೋಗಿಬರ್ರಿ ಎಂದು ಅತ್ತೆ ಎಬ್ಬಿಸಿದರು.

ಹೊಸ ಜೋಡಿ ತಂದೆ. ನಾನು ಸುತ್ತಿಗೆ ಎತ್ತಿದೊಡನೆ ಅವರು ತಡೆದರು. ಬೇರಿಂಗಿನ ಹೊರಗಿನ ಬಳೆಗೆ ಮಾತ್ರ ಬಡಿಯಬೇಕು, ಒಳಗಿನದಕ್ಕೆ ಪೆಟ್ಟು ಬಿದ್ದರೆ ಗುಂಡುಗಳಿಗೆ ಹೊಸದರಲ್ಲೇ ಗುಳಿ ಬೀಳುತ್ತದೆ, ಮಾವನವರು ಒಮ್ಮೆ ಅವಸರದಲ್ಲಿ ಹಾಗೆ ಮಾಡಿ ಎಂಟೇ ದಿನಕ್ಕೆ ಮಗ್ಗ ಮತ್ತೆ ಕೂಗಿತ್ತು ಎಂದರು. ಹಳೆಯ ಬೇರಿಂಗನ್ನೇ ಹೊಸದರ ಮೇಲಿಟ್ಟು, ಅದರ ಹೊರಬಳೆಯ ಮೇಲೆ ಸುತ್ತಲೂ ಹದವಾಗಿ ಬಡಿದು ಕೂಡಿಸಿದೆವು. ಮೊದಲು ಒಂದು ಕಡೆಯದು, ಆಮೇಲೆ ಡ್ರಮ್ಮು ಮಗುಚಿ ಇನ್ನೊಂದು ಕಡೆಯದು. ಸೂರ್ಯ ಇಳಿಯುತ್ತಿದ್ದ. ಅತ್ತೆ ಕೈ ತೊಳೆಯಲು ಬಚ್ಚಲಿಗೆ ಹೋದರು. ನಾನು ಹಾಸಿದ್ದ ಹಳೆಯ ಪೇಪರು ಮಡಿಸತೊಡಗಿದೆ. ಅದರ ಅಂಚಿನಲ್ಲಿ ಕೊಳವೆಯ ತುಂಡು ಬಿದ್ದಿತ್ತು.

ಎರಡು ಬೇರಿಂಗಿನ ನಡುವೆ ಇರಬೇಕಾದ ತುಂಡು. ಹಾಕುವುದನ್ನೇ ಮರೆತಿದ್ದೆವು.

ಈಗ ನಿಮಗೆ ಒಂದು ಮಾತು ಒಪ್ಪಿಸಬೇಕು, ವಿಜಿಗೆ ಕೂಡ ಇದನ್ನು ಹೇಳಿಲ್ಲ. ನಾನು ಆ ತುಂಡಿನ ಮೇಲೆ ಪೇಪರು ಎಳೆದೆ. ಬೆನ್ನು ಮುರಿದಿತ್ತು, ಕೈಗೆ ಬೊಬ್ಬೆಗಳು ಎದ್ದಿದ್ದವು. ಇಷ್ಟು ಗಿಡ್ಡ ತುಂಡು ಇಲ್ಲದಿದ್ದರೆ ಚಕ್ರ ತಿರುಗದೇ ಇರುತ್ತದೆಯೇ ಎಂದುಕೊಂಡೆ. ಅದು ಇಲ್ಲದೆ ನಟ್ಟು ಬಿಗಿದರೆ ಎರಡೂ ಬೇರಿಂಗು ಅಡ್ಡಕ್ಕೆ ಒತ್ತಿಕೊಂಡು ಕಾಯುತ್ತವೆ, ನಡುರಸ್ತೆಯಲ್ಲಿ ಚಕ್ರವೇ ಹಿಡಿದುಕೊಳ್ಳಬಹುದು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎನ್ನುವುದು ನೆಪ. ತಪ್ಪು ಎಂಬುದಂತೂ ಗೊತ್ತಿತ್ತು. ಬಚ್ಚಲಿನಲ್ಲಿ ತಂಬಿಗೆಯ ಸದ್ದು ನಿಲ್ಲುವವರೆಗೆ ಹಾಗೇ ಕುಳಿತಿದ್ದೆ. ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದಾಗ ಪೇಪರು ಸರಿಸಿ ತೋರಿಸಿದೆ.

ಅವರು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ನೆಲಕ್ಕೆ ಕುಳಿತು ಡ್ರಮ್ಮನ್ನು ತಮ್ಮ ಕಡೆ ಎಳೆದುಕೊಂಡರು.

“ಬಿಚ್ಚೂಣ್ರಿ,” ಎಂದರು.

ಹೊಸ ಬೇರಿಂಗೊಂದನ್ನು ಒಳಗಿನಿಂದ ಬಡಿದು ಹೊರಗೆ ಹಾಕಿದೆವು. ನಾನು ಅದನ್ನೇ ಒರೆಸಿ, ತುಂಡು ಕೂಡಿಸಿ, ಮತ್ತೆ ಹಾಕಲು ಹೊರಟೆ. ಅವರು ನನ್ನ ಮುಂದಿನಿಂದ ಅದನ್ನು ಎತ್ತಿ ಹಿಂದಕ್ಕೆ ಇಟ್ಟರು.

“ಒಳಗಿನ ಬಳೀಗೆ ಪೆಟ್ಟು ಬಿದ್ದೈತ್ರಿ ಅದಕ್ಕ. ಮಗ್ಗಾಗಿದ್ರ ನಾನೂ ಹಾಕ್ತಿದ್ದೆ. ಇದರಾಗ ಕೂಸು ಕೂಡ್ರತೈತಿ.”

ಅಂಗಡಿ ಮುಚ್ಚಿತ್ತು. ನಾಳೆ ಇನ್ನೊಂದು ತರುವುದೆಂದು ಆಯಿತು. ಅಷ್ಟರಲ್ಲಿ ವಿಜಿ ಬಂದಳು. ಹೆಗಲ ಮೇಲೆ ಸೊರಗಿದ ಪಲ್ಲವಿ, ಕೈಯಲ್ಲಿ ಒದ್ದೆ ಬಟ್ಟೆಯ ಚೀಲ. ಗೇಟಿನಲ್ಲಿ ಕಾಲಿಡುವಾಗ ಅವಳಿಗೆ ಕಂಡದ್ದು ಇದು: ಮೂರು ಚಕ್ರದ ಕಾರು, ನೆಲದ ಮೇಲೆ ಎದುರುಬದುರು ಕುಳಿತ ಗಂಡ ಮತ್ತು ತಾಯಿ, ಇಬ್ಬರ ಮುಖಕ್ಕೂ ಗ್ರೀಸು, ತಾಯಿಯ ತಲೆಯ ಮೇಲೆ ಸೆರಗಿಲ್ಲ, ಗಂಡ ನಾಳೆ ಗ್ರೀಸು ಎಷ್ಟು ತರಬೇಕೆಂದು ಕೂಗಿ ಕೇಳುತ್ತಿದ್ದಾನೆ, ತಾಯಿ ಅವನಿಗೇ ಉತ್ತರ ಕೊಡುತ್ತಿದ್ದಾಳೆ. ವಿಜಿ ಒಳಗೆ ಹೋಗಿ ಮೂವರಿಗೂ ಚಹಾ ಇಟ್ಟಳು.

ಮರುದಿನ ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಕೊಳವೆಯ ತುಂಡನ್ನು ಅತ್ತೆ ತಮ್ಮ ಮಡಿಲಲ್ಲಿ ಇಟ್ಟುಕೊಂಡೇ ಕುಳಿತಿದ್ದರು, ಹಾಕುವ ಗಳಿಗೆ ಬಂದಾಗ ತಾವೇ ಹಾಕಿದರು. ಚಕ್ರ ಕೂಡಿಸಿ ತಿರುಗಿಸಿ, ಸ್ಪ್ರಿಂಗಿನ ಮೇಲೆ ಮೊದಲು ಅವರು ಕೈ ಇಟ್ಟರು, ಆಮೇಲೆ ನಾನು.

ಅದರ ಮರುದಿನ ಪಾಠವಿತ್ತು. ಅಮೀನಗಡ ದಾಟಿ ವೇಗ ಏರಿಸಿದೆ. ಐವತ್ತು, ಅರವತ್ತು. ಊಂಕಾರವಿಲ್ಲ. ಕಿಟಕಿಯ ಗಾಳಿ, ಎಂಜಿನ್ನು, ವಿಜಿಯ ದನಿ, ಇಷ್ಟೇ. ಕನ್ನಡಿಯಲ್ಲಿ ನೋಡಲು ಧೈರ್ಯ ಬರಲಿಲ್ಲ. ಕೊನೆಗೆ ನೋಡಿದಾಗ ಪಲ್ಲವಿಯ ಕೈ ಅಭ್ಯಾಸದಂತೆ ಕಿವಿಗೆ ಏರಿತ್ತು. ಮಷೀನಿನ ಮೇಲೆ ಬೆರಳಿಟ್ಟು ಏನನ್ನೋ ಕಾಯುವವಳ ಹಾಗೆ ಕುಳಿತಿದ್ದಳು. ಕಾದ ಸದ್ದು ಬರಲಿಲ್ಲ. ಕೈ ಕೆಳಗೆ ಇಳಿಯಿತು.

ಎಲ್ಲವೂ ಅಂದೇ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಶಿರೂರಿನ ಹತ್ತಿರ ಲಾರಿಯೊಂದು ಹಾರ್ನು ಹೊಡೆದದ್ದಕ್ಕೆ ಅವಳು ಎರಡನ್ನೂ ಕಿತ್ತಳು. ಮರಳುವಾಗ ಒಂದು ಸಲ ಕಿತ್ತಳು. ಆದರೆ ವಿಜಿ ಮತ್ತೆ ಹಾಕಿದಾಗ ಅಳಲಿಲ್ಲ. ಹದಿನೈದು ದಿನಕ್ಕೆ ಕೀಳುವುದು ಅಪರೂಪವಾಯಿತು.

ಆ ಚಳಿಗಾಲದಲ್ಲಿ ಒಂದು ದಿನ ಕಮತಗಿಯ ಆಚೆ ಕುರಿಯ ಹಿಂಡು ಅಡ್ಡ ಬಂದು ಕಾರು ನಿಲ್ಲಿಸಿದೆ. ರಸ್ತೆಯ ತುಂಬ ಕುರಿ. ಎಲ್ಲೋ ಹಿಂದೆ, ನಮಗೆ ಕಾಣದ ಕಡೆಯಿಂದ, ಕುರಿಗಾರ ಸೀಟಿ ಹಾಕಿದ. ಪಲ್ಲವಿ ಕುರಿಗಳನ್ನು ಬಿಟ್ಟು ಆ ಕಡೆ ತಿರುಗಿದಳು. ಬೆರಳು ತೋರಿಸಿ, ಏನು, ಎಂದಳು. ಪೂರ್ತಿ ಏನು ಅಲ್ಲ, ಏಉ ಎಂಬಂತಿತ್ತು. ಅವಳು ಅದುವರೆಗೆ ನಮ್ಮ ಮಾತು ಅನುಕರಿಸಿದ್ದಳೇ ಹೊರತು ತಾನಾಗಿ ಏನನ್ನೂ ಕೇಳಿರಲಿಲ್ಲ. ವಿಜಿ ಬಾಯಿಗೆ ಸೆರಗು ಇಟ್ಟುಕೊಂಡಳು. ಏನಾಯಿತೆಂದು ಅತ್ತೆಗೆ ಕೇಳಿಸಿರಲಿಲ್ಲ, ನಾನು ತಿರುಗಿ ಕೂಗಿ ಹೇಳಬೇಕಾಯಿತು. ಅವರು ಮೊಮ್ಮಗಳ ಕಡೆ ಬಾಗಿ, ಎರಡು ಬೆರಳು ಬಾಯಿಗೆ ಇಟ್ಟು, ಕುರಿಗಾರನಿಗಿಂತ ಜೋರಾಗಿ ಸೀಟಿ ಹಾಕಿದರು. ನಮ್ಮ ಅತ್ತೆಗೆ ಸೀಟಿ ಬರುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಮಗ್ಗದ ಮನೆಯಲ್ಲಿ ಆಚೆ ತುದಿಯವರನ್ನು ಕರೆಯಲು ಅದೇ ದಾರಿಯಂತೆ.

ವಸತಿ ಶಾಲೆಯ ಮಾತನ್ನು ಮೇಡಂ ಮತ್ತೆ ಎತ್ತಲಿಲ್ಲ. ಇಂದು ಪಲ್ಲವಿ ಪಿಯುಸಿ ಎರಡನೆಯ ವರ್ಷ ಓದುತ್ತಿದ್ದಾಳೆ. ಬಾಗಲಕೋಟೆಗೆ ತಾನೇ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಮಾತು ಸ್ವಲ್ಪ ದಪ್ಪ, ಹೊಸಬರು ಎರಡು ಸಲ ಕೇಳುತ್ತಾರೆ, ಅವಳು ಬೇಸರವಿಲ್ಲದೆ ಎರಡು ಸಲ ಹೇಳುತ್ತಾಳೆ. ಗಣಿತದ ಮಾಸ್ತರರ ಕಾರಿನ ವಿಷಯ ಹೇಳುವುದು ಮರೆತೆ. ಬಲಗಡೆಯ ಹಿಂದಿನದು ಎಂದು ನನ್ನ ಅಂಗಾಲು ಹೇಳಿತ್ತು. ಗ್ಯಾರೇಜಿನವರು ಎಡಗಡೆಯ ಹಿಂದಿನದು ಎಂದರು. ಅತ್ತೆಗೆ ಇದನ್ನು ಹೇಳಿದಾಗ ಹಿಂದಿನದು ಅನ್ನೂದಾದರೂ ಗೊತ್ತಾತಲ್ಲ ಬಿಡ್ರಿ, ಎಂದು ಸಮಾಧಾನ ಹೇಳಿದರು.

ಅವರಿಗೆ ಈಗ ಎಪ್ಪತ್ತು ದಾಟಿದೆ. ಇಷ್ಟು ವರ್ಷ ಯಾರು ಹೇಳಿದರೂ ತಮ್ಮ ಕಿವಿ ತೋರಿಸಲು ಒಪ್ಪಿರಲಿಲ್ಲ. ಮೂರು ವಾರದ ಹಿಂದೆ ಪಲ್ಲವಿ ಯಾರನ್ನೂ ಕೇಳದೆ ಆಯಿಯನ್ನು ಬಸ್ಸು ಹತ್ತಿಸಿ ಬಾಗಲಕೋಟೆಗೆ ಕರೆದುಕೊಂಡು ಹೋದಳು. ಹಲವು ದಿನ ಓಡಾಡಿಸಿ, ಹೋದ ಶನಿವಾರ ಎರಡೂ ಕಿವಿಗೆ ಮಷೀನು ಹಾಕಿಸಿ ಕರೆತಂದಳು. ಸಂಜೆ ಇಬ್ಬರೂ ಪಡಸಾಲೆಯಲ್ಲಿ ಕುಳಿತಿದ್ದಾಗ ನಾನು ಒಳಗೆ ಬಂದು, ಎಂದಿನಂತೆ ಗಂಟಲು ಏರಿಸಿ, ಚಹಾ ಕುಡದ್ರೇನ್ರಿ ಅತ್ತಿ ಎಂದು ಕೂಗಿದೆ. ಅವರು ಬೆಚ್ಚಿಬಿದ್ದು ಎರಡೂ ಕೈ ಕಿವಿಗೆ ಒಯ್ದರು. ಪಲ್ಲವಿ ನನಗೆ ಸಾವಕಾಶ ಎಂಬಂತೆ ಕೈ ಮಾಡಿದಳು. ನಾನು ಇನ್ನೊಮ್ಮೆ, ವಿಜಿಯ ಜೊತೆ ಮಾತಾಡುವ ದನಿಯಲ್ಲಿ, ಕೇಳಿದೆ.

ಅತ್ತೆ ನನ್ನ ಮುಖವನ್ನೇ ನೋಡುತ್ತ ಕುಳಿತರು.

“ನಿಮ್ಮ ದನಿ ಇಷ್ಟು ಮೆತ್ತಗ ಐತಿ ಅಂತ ನನಗ ಗೊತ್ತಿದ್ದಿಲ್ರಿ,” ಎಂದರು.

ನನ್ನ ಮದುವೆಯಾದಂದಿನಿಂದ ಇಪ್ಪತ್ತೆರಡು ವರ್ಷ ಅವರಿಗೆ ಮುಟ್ಟಿದ್ದು ನನ್ನ ಕೂಗು ಮಾತ್ರ. ಈಗ ದಿನವೂ ಬೆಳಿಗ್ಗೆ ಅವರ ಎದುರು ಕುಳಿತು ಮೆಲ್ಲಗೆ ಮಾತಾಡುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ. ನಡುನಡುವೆ ದನಿ ಏರಿಬಿಡುತ್ತದೆ. ಆಗ ನಿಲ್ಲಿಸಿ, ಮೊದಲಿನಿಂದ ಹೇಳುತ್ತೇನೆ.